ಹಸಿರು ಶಾಲು ಮತ್ತು ಅಂತರಜಾಲ

೨೦೨೧ರ ಫೆಬ್ರವರಿಯಲ್ಲಿ ದೆಹಲಿಯ ಗಡಿಗಳಲ್ಲಿ ರೈತರ ಧರಣಿ ನಡೆಯುತ್ತಿದ್ದಾಗ ‘ಟೂಲ್‌ಕಿಟ್’ ಎಂಬ ಪದವೊಂದು ನಮ್ಮ ಪತ್ರಿಕೆಗಳಲ್ಲಿ ದಿನವೂ ಕಾಣಿಸಿಕೊಳ್ಳತೊಡಗಿತು. ಚಳವಳಿಯನ್ನು ಬೆಂಬಲಿಸುವವರು ಯಾವ ದಿನ ಏನು ಮಾಡಬೇಕು, ಯಾರಿಗೆ ಬರೆಯಬೇಕು, ಎಲ್ಲಿ ಸೇರಬೇಕು ಎಂದು ತಿಳಿಸುವ, ಅಂತರಜಾಲದಲ್ಲಿ ಹಲವರು ಕೂಡಿ ತಿದ್ದಬಹುದಾದ ಬರಹಕ್ಕೆ ಆ ಹೆಸರು. ಅಂಥದೊಂದು ಬರಹವನ್ನು ತಿದ್ದಿದ ಆರೋಪದ ಮೇಲೆ ಬೆಂಗಳೂರಿನ ಯುವತಿಯೊಬ್ಬರನ್ನು ದೆಹಲಿ ಪೊಲೀಸರು ಬಂಧಿಸಿ ಕರೆದೊಯ್ದರು. ಹತ್ತು ದಿನಗಳ ನಂತರ ನ್ಯಾಯಾಲಯ ಅವರಿಗೆ ಜಾಮೀನು ನೀಡಿತು. ಟಿ.ವಿ. ಚರ್ಚೆಗಳಲ್ಲಿ ಕುಳಿತವರು ಆಗ ಇದನ್ನು ನಿನ್ನೆ ಮೊನ್ನೆ ಪರದೇಶದಿಂದ ಇಳಿದು ಬಂದ ಹೊಸ ವಿದ್ಯೆಯೆಂಬಂತೆ ಮಾತನಾಡುತ್ತಿದ್ದರು. ನನಗೆ ನೆನಪಾದದ್ದು ಬೇರೆ. ೧೯೯೮ರ ನವೆಂಬರ್ ತಿಂಗಳಿನಲ್ಲಿ, ನಮ್ಮ ಬಹುಪಾಲು ಊರುಗಳಲ್ಲಿ ಮಿಂಚಂಚೆ ಎಂಬ ಶಬ್ದವೇ ಇನ್ನೂ ಹುಟ್ಟಿರದಿದ್ದಾಗ, ಕರ್ನಾಟಕದಿಂದಲೇ ಅಂಥದೊಂದು ಪತ್ರ ಹೊರಟು ಲೋಕವನ್ನು ಸುತ್ತಿ ಬಂದಿತ್ತು. ಅದರ ಕೆಳಗಿದ್ದ ಹೆಸರು ರೈತಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರದು.

ಆ ಪತ್ರದ ಕಥೆಯನ್ನು ಹೇಳಬೇಕಾದರೆ ಮೊದಲು ಅದು ನಡೆದ ದಾರಿಯ ಕಥೆಯನ್ನು ಹೇಳಬೇಕು. ಓದುಗರು ಸ್ವಲ್ಪ ಹೊತ್ತು ನನ್ನೊಡನೆ ಕರ್ನಾಟಕವನ್ನು ಬಿಟ್ಟು ಬರುವ ತಾಳ್ಮೆ ತೋರಬೇಕು.

ಅಂತರಜಾಲ ಸೈನ್ಯದ ಮತ್ತು ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಬೆಳೆದ ಕೂಸು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಸಾಮಾಜಿಕ ಹೋರಾಟಗಳಿಗೆ ಬಳಸಿಕೊಂಡವರ ಚರಿತ್ರೆಯೂ ಸಣ್ಣದೇನಲ್ಲ. ೧೯೮೦ರ ದಶಕದ ನಡುವಿನಲ್ಲಿಯೇ ಅಮೆರಿಕದಲ್ಲಿ ‘ಪೀಸ್‌ನೆಟ್’, ಇಂಗ್ಲೆಂಡಿನಲ್ಲಿ ‘ಗ್ರೀನ್‌ನೆಟ್’ ಎಂಬ ಜಾಲಗಳು ಶುರುವಾಗಿದ್ದವು. ಅಣ್ವಸ್ತ್ರವಿರೋಧಿಗಳು, ಪರಿಸರವಾದಿಗಳು, ಕಾರ್ಮಿಕ ಸಂಘಟಕರು ಇವುಗಳ ಸದಸ್ಯರು. ಆಗಿನ ವ್ಯವಸ್ಥೆ ಈಗಿನವರಿಗೆ ನಗೆ ತರಿಸೀತು. ಗಣಕಯಂತ್ರಕ್ಕೆ ಮೋಡೆಮ್ ಎಂಬ ಪೆಟ್ಟಿಗೆ, ಆ ಪೆಟ್ಟಿಗೆಗೆ ದೂರವಾಣಿಯ ತಂತಿ. ಹಗಲೆಲ್ಲ ಬರೆದಿಟ್ಟ ಪತ್ರಗಳನ್ನು ಒಟ್ಟುಗೂಡಿಸಿ, ದೂರವಾಣಿ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಒಮ್ಮೆ ಕರೆಮಾಡಿ ಕಳಿಸುವುದು, ಆ ಕಡೆಯವುಗಳನ್ನು ತರಿಸಿಕೊಳ್ಳುವುದು. ನಮ್ಮ ಹಳ್ಳಿಗಳಿಗೆ ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ ಟಪಾಲು ಚೀಲವನ್ನು ನೆನೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ೧೯೯೦ರಲ್ಲಿ ಇಂಥ ಏಳು ಜಾಲಗಳು, ಬ್ರೆಜಿಲ್ ಮತ್ತು ನಿಕರಾಗುವಾ ದೇಶಗಳವೂ ಸೇರಿ, ‘ಎ.ಪಿ.ಸಿ.’ ಎಂಬ ಒಕ್ಕೂಟ ಕಟ್ಟಿಕೊಂಡವು. ೧೯೯೨ರ ರಿಯೊ ಭೂಶೃಂಗಸಭೆಗೆ ಹೋದ ಜನಸಂಘಟನೆಗಳು ತಮ್ಮ ದೇಶಗಳಿಗೆ ಸುದ್ದಿ ಕಳಿಸಿದ್ದು ಇವುಗಳ ಮೂಲಕ. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬರಿಯ ಅಕ್ಷರ. ಆ ಅಕ್ಷರ ರೋಮನ್ ಲಿಪಿಯದು ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಈ ಜಾಲಕ್ಕೆ ನಿಜವಾದ ಪರೀಕ್ಷೆ ಬಂದದ್ದು ಮೆಕ್ಸಿಕೋದ ಚಿಯಾಪಾಸ್ ಪ್ರಾಂತದಲ್ಲಿ. ೧೯೯೪ರ ಜನವರಿ ೧ರಂದು ಅಮೆರಿಕ, ಕೆನಡಾ, ಮೆಕ್ಸಿಕೋಗಳ ನಡುವಿನ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಿತು. ಅದೇ ದಿನ ಬೆಳಗಿನ ಜಾವ, ಮುಖಕ್ಕೆ ಮುಸುಕು ಕಟ್ಟಿದ ಮಾಯಾ ಬುಡಕಟ್ಟಿನ ರೈತರು ಸಾನ್ ಕ್ರಿಸ್ತೋಬಾಲ್ ಮೊದಲಾದ ಪಟ್ಟಣಗಳನ್ನು ವಶಪಡಿಸಿಕೊಂಡರು. ಮೆಕ್ಸಿಕೋ ಕ್ರಾಂತಿಯ ರೈತನಾಯಕ ಎಮಿಲಿಯಾನೋ ಸಪಾತಾನ ಹೆಸರಿನಿಂದ ತಮ್ಮನ್ನು ‘ಸಪಾತಿಸ್ತಾ’ ಎಂದು ಕರೆದುಕೊಂಡವರು ಇವರು. ಇವರ ಸಿಟ್ಟಿಗೆ ಕಾರಣವಿತ್ತು. ಹಳ್ಳಿಗಳ ಸಮುದಾಯದ ಭೂಮಿಯನ್ನು ಮಾರಾಟದಿಂದ ಕಾಪಾಡುತ್ತಿದ್ದ ಸಂವಿಧಾನದ ೨೭ನೆಯ ವಿಧಿಯನ್ನು ೧೯೯೨ರಲ್ಲಿ ತಿದ್ದಲಾಗಿತ್ತು. ಅಮೆರಿಕದ ಅಗ್ಗದ ಮೆಕ್ಕೆಜೋಳ ಬಂದು ಬೀಳುವ ಭಯವಿತ್ತು. ಹನ್ನೆರಡು ದಿನ ಕಾಳಗ ನಡೆಯಿತು. ಸೈನ್ಯದ ಮುಂದೆ ಅವರ ಬಂದೂಕು ಏನೇನೂ ಸಾಲದು. ಕೆಲವರ ಕೈಯಲ್ಲಿದ್ದದ್ದು ಬಂದೂಕಿನ ಆಕಾರದ ಮರದ ತುಂಡು ಮಾತ್ರ. ಆದರೂ ಅವರನ್ನು ಅಳಿಸಿಹಾಕಲು ಸರಕಾರಕ್ಕೆ ಸಾಧ್ಯವಾಗಲಿಲ್ಲ.

ಅದಕ್ಕೆ ಅಂತರಜಾಲವೇ ಕಾರಣವೆಂದು ಅನೇಕರು ಬರೆದಿದ್ದಾರೆ. ಸಪಾತಿಸ್ತರ ವಕ್ತಾರನಾಗಿದ್ದ ಮಾರ್ಕೋಸ್ ಕಾಡಿನೊಳಗೆ ಮಡಿಲಗಣಕವನ್ನು ತೊಡೆಯ ಮೇಲಿಟ್ಟುಕೊಂಡು ಜಗತ್ತಿಗೆ ಸಂದೇಶ ಕಳಿಸುತ್ತಿದ್ದನೆಂಬ ಚಿತ್ರ ಆಗ ಬಹಳ ಪ್ರಸಿದ್ಧವಾಗಿತ್ತು. ಅದು ಬರೀ ಕಥೆ. ಆ ಹಳ್ಳಿಗಳಲ್ಲಿ ದೂರವಾಣಿಯಿರಲಿ, ವಿದ್ಯುದ್ದೀಪವೇ ಅಪರೂಪವಾಗಿತ್ತು. ನಡೆದದ್ದು ಹೀಗೆ: ಮಾರ್ಕೋಸ್ ಬರೆದ ಪತ್ರಗಳು ಕೈಯಿಂದ ಕೈಗೆ ಸಾಗಿ ಪಟ್ಟಣ ಸೇರಿ ‘ಲಾ ಹೋರ್ನಾದಾ’ ಮುಂತಾದ ಪತ್ರಿಕೆಗಳನ್ನು ತಲುಪುತ್ತಿದ್ದವು. ಅಲ್ಲಿ ಅಚ್ಚಾದದ್ದನ್ನು ಯಾರೋ ವಿದ್ಯಾರ್ಥಿ, ಯಾರೋ ಅಧ್ಯಾಪಕಿ ಕುಳಿತು ಅಕ್ಷರ ಅಕ್ಷರವಾಗಿ ಗಣಕಕ್ಕೆ ಇಳಿಸುತ್ತಿದ್ದರು. ಮತ್ತೊಬ್ಬರು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಪೀಸ್‌ನೆಟ್ ಮತ್ತು ವಿಶ್ವವಿದ್ಯಾಲಯಗಳ ಸುದ್ದಿಗುಂಪುಗಳು ಅದನ್ನು ಹಂಚುತ್ತಿದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಅಧ್ಯಾಪಕ ಹ್ಯಾರಿ ಕ್ಲೀವರ್ ಈ ಕೆಲಸದಲ್ಲಿ ತಾವೂ ತೊಡಗಿದ್ದವರು, ಅದರ ಬಗ್ಗೆ ವಿವರವಾಗಿ ಬರೆದವರು. ತ್ಸೆಲ್ತಾಲ್, ತ್ಸೊತ್ಸಿಲ್ ಎಂಬ ತಮ್ಮ ನುಡಿಗಳಲ್ಲಿ ಆ ರೈತರು ಸಭೆ ಸೇರಿ ತೀರ್ಮಾನಿಸಿದ್ದು ಸ್ಪ್ಯಾನಿಷ್ ಆಗಿ, ಇಂಗ್ಲಿಷ್ ಆಗಿ, ಕೊನೆಗೆ ಜಪಾನಿನ ಓದುಗನಿಗೂ ತಲುಪುವ ನಡುವೆ ಸಂಬಳವಿಲ್ಲದೆ ದುಡಿದವರು ಎಷ್ಟೋ ಜನ. ಅವರ ಹೆಸರುಗಳು ಎಲ್ಲಿಯೂ ಇಲ್ಲ.

ಈ ಕೆಲಸದ ಫಲ ೧೯೯೫ರಲ್ಲಿ ಕಂಡಿತು. ಆ ವರ್ಷದ ಫೆಬ್ರವರಿ ೯ರಂದು ಅಧ್ಯಕ್ಷ ಸೆದಿಯೋ ಸಪಾತಿಸ್ತ ನಾಯಕರ ಬಂಧನಕ್ಕೆ ಆಜ್ಞೆ ಮಾಡಿ ಸೈನ್ಯವನ್ನು ಕಾಡಿಗೆ ನುಗ್ಗಿಸಿದರು. ಅದೇ ಸುಮಾರಿನಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕಿನ ಸಲಹೆಗಾರನೊಬ್ಬ ಬರೆದಿದ್ದ ಟಿಪ್ಪಣಿ ಬಯಲಾಗಿತ್ತು. ಮೆಕ್ಸಿಕೋ ಸರಕಾರ ಬಂಡವಾಳಗಾರರ ವಿಶ್ವಾಸ ಗಳಿಸಬೇಕಾದರೆ ಸಪಾತಿಸ್ತರನ್ನು ಇಲ್ಲವಾಗಿಸಬೇಕು ಎಂಬುದು ಅದರ ಸಾರ. ‘ಕೌಂಟರ್‌ಪಂಚ್’ ಎಂಬ ಸಣ್ಣ ಪತ್ರಿಕೆ ಅದನ್ನು ಪ್ರಕಟಿಸಿತು. ಅದರ ಓದುಗರು ಎಷ್ಟು ಮಂದಿ ಇದ್ದಾರು? ಆದರೆ ಜಾಲಕ್ಕೆ ಬಿದ್ದ ಕೂಡಲೇ ಅದು ಊರೂರು ಸುತ್ತಿತು. ಮೆಕ್ಸಿಕೋ ನಗರದ ಬೀದಿಗಳಲ್ಲಿ ಭಾರಿ ಮೆರವಣಿಗೆಗಳು ನಡೆದವು, ಬೇರೆ ಬೇರೆ ದೇಶಗಳ ಮೆಕ್ಸಿಕೋ ರಾಯಭಾರ ಕಚೇರಿಗಳ ಮುಂದೆ ಜನ ಸೇರಿದರು, ಸೈನ್ಯದ ಮುನ್ನಡೆ ನಿಂತಿತು. ಅಲ್ಲಿನ ವಿದೇಶಾಂಗ ಸಚಿವರೇ ಆ ಏಪ್ರಿಲ್‌ನಲ್ಲಿ ಇದು ಶಾಯಿಯ, ಬರಹದ, ಅಂತರಜಾಲದ ಯುದ್ಧವೆಂದು ಹೇಳಿದರು. ಯುದ್ಧವನ್ನು ಹಗುರ ಮಾಡಲು ಅವರು ಆಡಿದ ಮಾತು ಅದು. ಎದುರಾಳಿಗಳಿಗೆ ಅದು ಪ್ರಶಸ್ತಿಪತ್ರವಾಯಿತು. ಅಮೆರಿಕದ ಸೈನ್ಯಕ್ಕಾಗಿ ರ‍್ಯಾಂಡ್ ಸಂಸ್ಥೆಯ ವಿದ್ವಾಂಸರು ಈ ಹೊಸ ಬಗೆಯ ‘ಜಾಲಯುದ್ಧ’ದ ಬಗ್ಗೆ ೧೯೯೮ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೋರಾಟಗಾರರ ಪತ್ರಗಳನ್ನು ಗೆಳೆಯರಿಗಿಂತ ಶ್ರದ್ಧೆಯಿಂದ ಓದುವವರು ಯಾವಾಗಲೂ ಇಂಥವರೇ.

ಇನ್ನೊಂದು ಪ್ರಸಂಗವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಶ್ರೀಮಂತ ದೇಶಗಳ ಕೂಟವಾದ ಒ.ಇ.ಸಿ.ಡಿ. ಪ್ಯಾರಿಸ್ಸಿನಲ್ಲಿ ೧೯೯೫ರಿಂದ ಹೂಡಿಕೆಯ ಕುರಿತು ಬಹುಪಕ್ಷೀಯ ಒಪ್ಪಂದವೊಂದನ್ನು ಸದ್ದಿಲ್ಲದೆ ಹೆಣೆಯುತ್ತಿತ್ತು. ವಿದೇಶಿ ಕಂಪನಿಗಳು ತಮಗೆ ನಷ್ಟವಾಯಿತೆಂದು ಸರಕಾರಗಳ ಮೇಲೆಯೇ ದಾವೆ ಹೂಡಲು ಅದರಲ್ಲಿ ಅವಕಾಶವಿತ್ತು. ೧೯೯೭ರಲ್ಲಿ ಕರಡು ಸೋರಿಹೋಗಿ ಅಂತರಜಾಲಕ್ಕೆ ಬಂದಿತು. ನೂರಾರು ಪುಟಗಳ ಕಾನೂನಿನ ಬರಹವನ್ನು ಕೆನಡಾದ, ಫ್ರಾನ್ಸಿನ, ಆಸ್ಟ್ರೇಲಿಯಾದ ಸಾಮಾನ್ಯರು ಹಂಚಿಕೊಂಡು ಓದಿ, ಒಬ್ಬರಿಗೊಬ್ಬರು ಬಿಡಿಸಿ ಹೇಳಿದರು. ೧೯೯೮ರ ಅಕ್ಟೋಬರಿನಲ್ಲಿ ಫ್ರಾನ್ಸ್ ಹಿಂದೆ ಸರಿಯಿತು, ಡಿಸೆಂಬರ್ ವೇಳೆಗೆ ಆ ಮಾತುಕತೆಯೇ ಮುಗಿದುಹೋಯಿತು. ಡಂಕೆಲ್ ಪ್ರಸ್ತಾವದ ದಿನಗಳು ನೆನಪಿರುವ ನಮ್ಮವರಿಗೆ ಇದರ ಮಹತ್ವ ತಿಳಿದೀತು. ೧೯೯೦ರ ದಶಕದ ಆರಂಭದಲ್ಲಿ ಆ ಕರಡಿನೊಳಗೆ ಏನಿದೆಯೆಂದು ತಿಳಿಯಲು ನಾವು ಕಿರುಪುಸ್ತಿಕೆಗಳಿಗಾಗಿ, ಭಾಷಣಗಳಿಗಾಗಿ ಕಾಯಬೇಕಾಗಿತ್ತು.

ಈಗ ಕರ್ನಾಟಕಕ್ಕೆ ಬರೋಣ. ನರಗುಂದ ನವಲಗುಂದಗಳಲ್ಲಿ ೧೯೮೦ರ ಜುಲೈಯಲ್ಲಿ ರೈತರ ಮೇಲೆ ಗೋಲಿಬಾರ್ ನಡೆದ ಮೇಲೆ ರಾಜ್ಯವ್ಯಾಪಿಯಾಗಿ ಬೆಳೆದದ್ದು ಕರ್ನಾಟಕ ರಾಜ್ಯ ರೈತ ಸಂಘ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮೊದಲಾದವರೊಂದಿಗೆ ಅದನ್ನು ಕಟ್ಟಿದವರಲ್ಲಿ ನಂಜುಂಡಸ್ವಾಮಿಯವರು ಒಬ್ಬರು. ಕಾನೂನಿನ ಪ್ರಾಧ್ಯಾಪಕರು, ಲೋಹಿಯಾ ಸಮಾಜವಾದದ ಗರಡಿಯಲ್ಲಿ ಪಳಗಿದವರು. ಅವರನ್ನು ಎಡಪಂಥದವರೆಂದು ಕರೆಯಬಹುದೇ ಎಂಬ ಬಗ್ಗೆ ವಾದಗಳುಂಟು. ಕಮ್ಯುನಿಸ್ಟ್ ಪಕ್ಷಗಳ ರೈತ ಸಂಘಟನೆಗಳಿಗೂ ಇವರಿಗೂ ಅಷ್ಟಕ್ಕಷ್ಟೇ. ಭೂಹೀನ ಕೂಲಿಕಾರರ ಪ್ರಶ್ನೆಯಲ್ಲಿ ರೈತಸಂಘ ಹಿಂದೆ ಬಿದ್ದಿತೆಂಬ ದಲಿತ ಚಿಂತಕರ ದೂರು ನ್ಯಾಯವಾದದ್ದೆಂದೇ ನನ್ನ ಭಾವನೆ. ಆದರೆ ಬೀಜ, ಪೇಟೆಂಟು, ಬಹುರಾಷ್ಟ್ರೀಯ ಕಂಪನಿ ಎಂಬ ಶಬ್ದಗಳನ್ನು ನಮ್ಮ ಹಳ್ಳಿಯ ಕಟ್ಟೆಗಳಿಗೆ ತಂದವರು ಇವರು. ೧೯೯೨ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆಸೆದು ಸುಟ್ಟದ್ದು, ೧೯೯೩ರ ಜುಲೈಯಲ್ಲಿ ಬಳ್ಳಾರಿಯ ಘಟಕವನ್ನು ಕೆಡವಿದ್ದು, ಅದೇ ವರ್ಷ ಗಾಂಧಿ ಜಯಂತಿಯಂದು ಕಬ್ಬನ್ ಪಾರ್ಕಿನಲ್ಲಿ ಹಸಿರು ಶಾಲುಗಳ ಸಾಗರವೇ ಸೇರಿದ್ದು, ಇವೆಲ್ಲ ನಮ್ಮ ಪತ್ರಿಕೆಗಳಲ್ಲಿ ಬಂದಿವೆ.

ಹೊರಗೆ ಅಷ್ಟಾಗಿ ತಿಳಿಯದ ಸಂಗತಿಯೆಂದರೆ ಈ ರೈತಸಂಘ ಮತ್ತು ಆ ಸಪಾತಿಸ್ತರು ಒಂದೇ ಹಗ್ಗದ ಎರಡು ಎಳೆಗಳಾದದ್ದು. ಸಪಾತಿಸ್ತರು ೧೯೯೬ರಲ್ಲಿ ತಮ್ಮ ಕಾಡಿನಲ್ಲಿ ಒಂದು ಸಮ್ಮೇಳನ ಕರೆದರು. ಹತ್ತಾರು ದೇಶಗಳಿಂದ ಸಾವಿರಾರು ಜನ ಕೆಸರು ತುಳಿದು ಅಲ್ಲಿಗೆ ಹೋದರು. ಅಲ್ಲಿಂದ ಹುಟ್ಟಿದ ಮಾತುಕತೆ ಬೆಳೆದು, ೧೯೯೮ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸುಮಾರು ಮುನ್ನೂರು ಪ್ರತಿನಿಧಿಗಳು ಸೇರಿ ‘ಪೀಪಲ್ಸ್ ಗ್ಲೋಬಲ್ ಆಕ್ಷನ್’ ಎಂಬ ಜಾಲವನ್ನು ರಚಿಸಿಕೊಂಡರು. ಬ್ರೆಜಿಲ್ಲಿನ ಭೂಹೀನ ಕೃಷಿಕರ ಚಳವಳಿಯಂತೆ ನಮ್ಮ ರೈತಸಂಘವೂ ಅದರ ಸಂಚಾಲಕ ಸಂಘಟನೆಗಳಲ್ಲಿ ಒಂದು. ಅದಕ್ಕೆ ಅಧ್ಯಕ್ಷರಿಲ್ಲ, ಸದಸ್ಯತ್ವವಿಲ್ಲ, ಕೇಂದ್ರ ಕಚೇರಿಯಿಲ್ಲ. ಇದ್ದದ್ದು ಒಂದು ಘೋಷಣಾಪತ್ರ ಮತ್ತು ಮಿಂಚಂಚೆಯ ವಿಳಾಸಗಳು. ವಿ.ಎಸ್.ಎನ್.ಎಲ್. ಭಾರತದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದದ್ದು ೧೯೯೫ರ ಆಗಸ್ಟ್ ೧೫ರಂದು. ಅದಾಗಿ ಮೂರು ವರ್ಷ ಕಳೆಯುವುದರೊಳಗೆ ಕರ್ನಾಟಕದ ರೈತರು ಜಗತ್ತಿನ ಜಾಲವೊಂದರ ಸಂಚಾಲಕರಾಗಿದ್ದರೆಂಬುದನ್ನು ಹೊಸ ತಲೆಮಾರಿನವರು ಗಮನಿಸಬೇಕು. ಆಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಬರುತ್ತಿದ್ದ ಲೇಖನಗಳಲ್ಲಿ ಈ ಮಾತು ನನ್ನ ಕಣ್ಣಿಗೆ ಬಿದ್ದದ್ದಿಲ್ಲ.

ಇನ್ನು ಆ ಪತ್ರ. ಮಾನ್ಸಾಂಟೊ ಕಂಪನಿಯ ಕುಲಾಂತರಿ ಹತ್ತಿಯ ಪ್ರಯೋಗ ಕರ್ನಾಟಕದ ಕೆಲವು ಹೊಲಗಳಲ್ಲಿ ನಡೆಯುತ್ತಿದೆಯೆಂಬ ಸುದ್ದಿ ೧೯೯೮ರ ನವೆಂಬರಿನಲ್ಲಿ ಹೊರಬಿದ್ದಿತು. ಹೊಲದ ಒಡೆಯರಿಗೆ ತಮ್ಮ ಹೊಲದಲ್ಲಿರುವುದು ಎಂಥ ಬೆಳೆಯೆಂದು ಸರಿಯಾಗಿ ತಿಳಿಸಿರಲಿಲ್ಲವೆಂಬುದು ರೈತಸಂಘದ ಆರೋಪ. ಕೂಡಲೇ ನಂಜುಂಡಸ್ವಾಮಿಯವರ ಬಹಿರಂಗ ಪತ್ರ ಇಂಗ್ಲಿಷಿನಲ್ಲಿ ಜಾಲಕ್ಕೆ ಹೋಯಿತು. ಶನಿವಾರ, ನವೆಂಬರ್ ೨೮ರ ಮಧ್ಯಾಹ್ನ ಆ ಹೊಲಗಳಿಗೆ ಹೋಗಿ, ಕ್ಯಾಮೆರಾಗಳ ಎದುರಿನಲ್ಲಿಯೇ, ಎಲ್ಲರಿಗೂ ಮೊದಲೇ ತಿಳಿಸಿ, ಬೆಳೆಯನ್ನು ಸುಡುತ್ತೇವೆ ಎಂದು ಅದರಲ್ಲಿ ಸಾರಿದ್ದರು. ಹೊಲದ ರೈತರ ನಷ್ಟವನ್ನು ಭರಿಸುವ ಮಾತಿತ್ತು. ಮಾನ್ಸಾಂಟೊದಲ್ಲಿ ಹಣ ತೊಡಗಿಸಿದವರಿಗೆ, ಅದು ಬೂದಿಯಾಗುವ ಮೊದಲು ಹಿಂದೆ ತೆಗೆದುಕೊಳ್ಳಿರೆಂಬ ಕಿವಿಮಾತೂ ಇತ್ತು. ನಂಜುಂಡಸ್ವಾಮಿಯವರ ಭಾಷಣ ಕೇಳಿದವರಿಗೆ ಆ ಕೊಂಕು ಪರಿಚಿತ. ಬೇರೆ ದೇಶಗಳವರು ತಮ್ಮ ತಮ್ಮ ಊರುಗಳಲ್ಲಿ ಇದನ್ನು ಮುಂದುವರಿಸಬೇಕೆಂಬ ಕರೆಯೊಂದಿಗೆ ಪತ್ರ ಸಾಗುತ್ತಿತ್ತು. ಹೇಳಿದ ದಿನ ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತಿಗಿಡಗಳನ್ನು ಕಿತ್ತು ರಾಶಿ ಹಾಕಿ ಬೆಂಕಿಯಿಟ್ಟರು. ಕೆಲವೇ ದಿನಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಹಾಗೆಯೇ ಆಯಿತು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಆ ಪತ್ರವನ್ನು ಓದಿದವರು ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿ ಹಂಚಿದರು. ಇಂದಿಗೂ ಆ ಕಾಲದ ಹೋರಾಟಗಳ ಸಂಕಲನಗಳಲ್ಲಿ ಅದು ಕಾಣಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ ಅಮೆರಿಕದಲ್ಲಿ, ಮರುಬಿತ್ತನೆಗೆ ಮೊಳಕೆಯೊಡೆಯದ ಬೀಜದ ತಂತ್ರಕ್ಕೆ ಪೇಟೆಂಟ್ ದೊರಕಿತ್ತು. ಕೆನಡಾದ ಒಂದು ಸಂಸ್ಥೆ ಅದಕ್ಕೆ ‘ಟರ್ಮಿನೇಟರ್’ ಎಂಬ ಹೆಸರಿಟ್ಟು ಜಾಲದಲ್ಲಿ ಎಚ್ಚರಿಕೆ ಸಾರಿತು. ಆ ಎಚ್ಚರಿಕೆ ಸರಿಯಾದದ್ದೇ. ಮರುವರ್ಷ ಕಂಪನಿಯೇ ಆ ತಂತ್ರವನ್ನು ಮಾರುಕಟ್ಟೆಗೆ ತರುವುದಿಲ್ಲವೆಂದು ಹೇಳಬೇಕಾಯಿತು. ಆದರೆ ರಾಯಚೂರಿನ ಹೊಲದಲ್ಲಿದ್ದದ್ದು ಟರ್ಮಿನೇಟರ್ ಅಲ್ಲ, ಕಾಯಿಕೊರಕ ಹುಳುವನ್ನು ತಡೆಯಲೆಂದು ಮಾಡಿದ ಬಿ.ಟಿ. ಹತ್ತಿ. ಎರಡು ಸುದ್ದಿಗಳು ಒಂದೇ ದಾರಿಯಲ್ಲಿ ಬಂದು ಹಳ್ಳಿ ಮುಟ್ಟುವ ಹೊತ್ತಿಗೆ ಒಂದೇ ಆಗಿಬಿಟ್ಟವು. ಪಕ್ಕದ ಹೊಲದ ಬೆಳೆಯೂ ಬಂಜೆಯಾಗುತ್ತದೆಂದು ಜನ ಹೆದರಿದರು. ವೇಗವಾಗಿ ಓಡುವ ಸುದ್ದಿಗೆ ಈ ದೋಷ ಅಂದೂ ಇತ್ತು, ಇಂದೂ ಇದೆ.

ಮರುವರ್ಷ ಇನ್ನೂ ದೊಡ್ಡದೊಂದು ಸಾಹಸ ನಡೆಯಿತು. ೧೯೯೯ರ ಮೇ ತಿಂಗಳ ಕೊನೆಯಿಂದ ಜೂನ್ ೨೦ರವರೆಗೆ ಸುಮಾರು ನಾನೂರು ಜನ, ಹೆಚ್ಚಿನವರು ಪಂಜಾಬ್, ಕರ್ನಾಟಕ ಮುಂತಾದ ಕಡೆಯ ರೈತರು, ಬಸ್ಸುಗಳಲ್ಲಿ ಯುರೋಪಿನ ದೇಶಗಳನ್ನು ಸುತ್ತಿದರು. ಅಂತರಖಂಡ ಯಾತ್ರೆ ಎಂದು ಅದರ ಹೆಸರು. ಊರೂರಿನಲ್ಲಿ ಊಟ, ವಸತಿ, ಸಭೆ, ದುಭಾಷಿಗಳ ಏರ್ಪಾಡು ನಡೆದದ್ದು ಹೆಚ್ಚಾಗಿ ಮಿಂಚಂಚೆಯ ಮೂಲಕ. ಜೂನ್ ೫ರಂದು ಫ್ರಾನ್ಸಿನ ಮೊಂಪೆಲಿಯೆಯ ಸಂಶೋಧನಾ ಕೇಂದ್ರವೊಂದರಲ್ಲಿ ಕುಲಾಂತರಿ ಭತ್ತದ ಗಿಡಗಳನ್ನು ನಾಶಮಾಡಿದ ಫ್ರೆಂಚ್ ರೈತನಾಯಕ ಜೋಸೆ ಬೊವೆಯ ಜೊತೆಗೆ ನಮ್ಮ ರೈತರೂ ಇದ್ದರು. ಬೊವೆಗೆ ಅದಕ್ಕಾಗಿ ಶಿಕ್ಷೆಯಾಯಿತು. ಯಾತ್ರೆ ಜರ್ಮನಿಯ ಕಲೋನ್ ನಗರದಲ್ಲಿ ಮುಗಿಯಿತು. ಅಲ್ಲಿ ಎಂಟು ಶ್ರೀಮಂತ ರಾಷ್ಟ್ರಗಳ ಮುಖ್ಯಸ್ಥರು ಸೇರಿದ್ದರು. ಅವರ ಮುಂದೆ ಹೋಗಿ ಗಹಗಹಿಸಿ ನಗುವುದು ನಮ್ಮವರ ಯೋಜನೆ. ನಗುವ ಚಳವಳಿ ರೈತಸಂಘದ ಸ್ವಂತ ಆವಿಷ್ಕಾರ. ಪೊಲೀಸರು ಅದನ್ನು ತಡೆದರು. ನಗುವುದಕ್ಕೂ ಪರವಾನಗಿ ಬೇಕಾದ ಕಾಲ ಎಂದು ನಾವು ಆಗ ಅಧ್ಯಾಪಕರ ಕೊಠಡಿಯಲ್ಲಿ ಆಡಿಕೊಂಡದ್ದು ನೆನಪಿದೆ.

ಆ ಆಗಸ್ಟಿನಲ್ಲಿ ಆ ಜಾಲದ ಎರಡನೆಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ, ರೈತಸಂಘದ ಆತಿಥ್ಯದಲ್ಲಿ. ನವೆಂಬರ್ ೩೦ರಂದು ಅಮೆರಿಕದ ಸಿಯಾಟಲ್‌ನಲ್ಲಿ ವಿಶ್ವ ವಾಣಿಜ್ಯ ಸಂಘಟನೆಯ ಸಭೆ ಆರಂಭವಾಗಲಿತ್ತು. ಅಂದು ಜಗತ್ತಿನಾದ್ಯಂತ ಪ್ರತಿಭಟಿಸಬೇಕೆಂಬ ಕರೆಗೆ ಇಲ್ಲಿ ಒಮ್ಮತ ದೊರೆಯಿತು. ಸಿಯಾಟಲ್ ಬೀದಿಗಳಲ್ಲಿ ಸುಮಾರು ೪೦,೦೦೦ ಜನ ಸೇರಿ ಸಭೆಯ ಉದ್ಘಾಟನೆಯನ್ನೇ ತಡೆದದ್ದು, ಕೊನೆಗೆ ಮಾತುಕತೆ ಮುರಿದುಬಿದ್ದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಮುರಿದದ್ದು ಬೀದಿಯ ಜನರಿಂದ ಮಾತ್ರವಲ್ಲ; ಒಳಗೆ ಕುಳಿತಿದ್ದ ಬಡ ದೇಶಗಳ ಪ್ರತಿನಿಧಿಗಳು ತಮ್ಮನ್ನು ಕೇಳದೆ ತೀರ್ಮಾನ ಮಾಡುವುದನ್ನು ಒಪ್ಪಲಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ರೈತರು ಗಾಂಧಿ ಪ್ರತಿಮೆಯ ಬಳಿ ಸೇರಿ ಮಾನ್ಸಾಂಟೊಗೆ ‘ಭಾರತ ಬಿಟ್ಟು ತೊಲಗಿ’ ಎಂಬ ನೋಟೀಸು ಕೊಟ್ಟರು.

ಸಿಯಾಟಲ್‌ನಲ್ಲಿ ಇನ್ನೊಂದು ವಸ್ತು ಹುಟ್ಟಿತು, ಅದು ‘ಇಂಡಿಮೀಡಿಯಾ’. ದೊಡ್ಡ ಪತ್ರಿಕೆಗಳೂ ದೂರದರ್ಶನ ಸಂಸ್ಥೆಗಳೂ ನಮ್ಮ ಸುದ್ದಿಯನ್ನು ಸರಿಯಾಗಿ ಹೇಳುವುದಿಲ್ಲ, ನಾವೇ ಹೇಳೋಣ ಎಂದುಕೊಂಡವರು ಒಂದು ಖಾಲಿ ಅಂಗಡಿಯಲ್ಲಿ ಗಣಕಗಳನ್ನು ಜೋಡಿಸಿಕೊಂಡು ಕುಳಿತರು. ಬೀದಿಯಿಂದ ಬಂದವರು ತಾವು ಕಂಡದ್ದನ್ನು, ತೆಗೆದ ಚಿತ್ರವನ್ನು ಯಾವ ಸಂಪಾದಕನ ಅಪ್ಪಣೆಯೂ ಇಲ್ಲದೆ ನೇರವಾಗಿ ಪ್ರಕಟಿಸಬಹುದಾಗಿತ್ತು. ಇಂದು ಇದರಲ್ಲಿ ಸೋಜಿಗವೇನೂ ಕಾಣದು. ೧೯೯೯ರಲ್ಲಿ ಫೇಸ್‌ಬುಕ್ ಇಲ್ಲ, ಯೂಟ್ಯೂಬ್ ಇಲ್ಲ. ಇದಕ್ಕೆ ಬೇಕಾದ ತಂತ್ರಾಂಶವನ್ನು ಬರೆದವರು ಆಸ್ಟ್ರೇಲಿಯಾದ ಸಿಡ್ನಿಯ ಸ್ವಯಂಸೇವಕರ ಗುಂಪೊಂದು. ಅದು ಅದೇ ವರ್ಷದ ಜೂನ್ ೧೮ರಂದು, ನಮ್ಮ ರೈತರು ಕಲೋನ್‌ನಲ್ಲಿದ್ದ ದಿನ, ಹಲವು ನಗರಗಳಲ್ಲಿ ನಡೆದ ಪ್ರತಿಭಟನೆಗಳ ವರದಿಗಾಗಿ ಬಳಕೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಇಂಡಿಮೀಡಿಯಾ ಕೇಂದ್ರಗಳ ಸಂಖ್ಯೆ ನೂರನ್ನು ದಾಟಿತು.

ಅದರ ಪಾಡು ಸುಖದ್ದಾಗಿರಲಿಲ್ಲ. ೨೦೦೧ರ ಜುಲೈಯಲ್ಲಿ ಇಟಲಿಯ ಜಿನೋವಾದಲ್ಲಿ ಎಂಟು ರಾಷ್ಟ್ರಗಳ ಸಭೆಯ ವಿರುದ್ಧ ಪ್ರತಿಭಟಿಸಲು ಬಂದವರು ಡಿಯಾಸ್ ಎಂಬ ಶಾಲೆಯಲ್ಲಿ ರಾತ್ರಿ ಮಲಗಿದ್ದರು. ಎದುರಿನ ಶಾಲೆಯಲ್ಲಿ ಇಂಡಿಮೀಡಿಯಾ ಕೆಲಸ ಮಾಡುತ್ತಿತ್ತು. ಪೊಲೀಸರು ಎರಡಕ್ಕೂ ನುಗ್ಗಿದರು. ಮಲಗಿದ್ದವರ ಹಲ್ಲು, ಕೈಕಾಲು ಮುರಿದರು, ಗಣಕಗಳನ್ನು ಒಡೆದರು. ಗೋಡೆಗಳ ಮೇಲೆಲ್ಲ ರಕ್ತ. ಜೀವನವಿಡೀ ಶಾಲೆಯ ಗೋಡೆಗಳ ನಡುವೆ ಕಳೆದ ನನಗೆ ಆ ಚಿತ್ರಗಳನ್ನು ನೋಡುವುದು ಕಷ್ಟವಾಯಿತು. ಹನ್ನೊಂದು ವರ್ಷಗಳ ಮೇಲೆ, ೨೦೧೨ರಲ್ಲಿ, ಇಟಲಿಯ ಸರ್ವೋಚ್ಚ ನ್ಯಾಯಾಲಯ ಹಿರಿಯ ಪೊಲೀಸ್ ಅಧಿಕಾರಿಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. ೨೦೧೫ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ರಾತ್ರಿ ನಡೆದದ್ದು ಚಿತ್ರಹಿಂಸೆಯೇ ಎಂದಿತು. ೨೦೦೪ರ ಅಕ್ಟೋಬರ್ ೭ರಂದು ಲಂಡನ್ನಿನಲ್ಲಿದ್ದ ಇಂಡಿಮೀಡಿಯಾದ ಗಣಕಗಳನ್ನು ಜಪ್ತು ಮಾಡಿದಾಗ ಹಲವು ದೇಶಗಳ ತಾಣಗಳು ಒಂದೇ ಏಟಿಗೆ ಕತ್ತಲಾದವು. ಕೆಲವು ದಿನಗಳ ನಂತರ ಅವುಗಳನ್ನು ಮರಳಿಸಿದರು. ಆದರೆ ಇಂಡಿಮೀಡಿಯಾವನ್ನು ಮುಗಿಸಿದ್ದು ಪೊಲೀಸರಲ್ಲ. ಯಾರು ಬೇಕಾದರೂ ಬರೆಯಬಹುದಾದ ಜಾಗಕ್ಕೆ ದ್ವೇಷದವರೂ ಜಾಹೀರಾತಿನವರೂ ಬಂದು ತುಂಬಿಕೊಂಡರು. ಸಂಬಳವಿಲ್ಲದೆ ಕಾವಲು ಕಾಯುತ್ತಿದ್ದವರು ದಣಿದರು. ಅಷ್ಟರಲ್ಲಿ ಅದೇ ಸೌಕರ್ಯವನ್ನು ಪುಕ್ಕಟೆಯಾಗಿ, ಇನ್ನೂ ಸುಲಭವಾಗಿ ಕೊಡುವ ಕಂಪನಿಗಳು ಬಂದವು. ಯಾವ ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧ ಆ ಜಾಲ ಹುಟ್ಟಿತೋ, ಅಂಥವೇ ಕಂಪನಿಗಳ ಜಗಲಿಯ ಮೇಲೆ ಕುಳಿತು ಇಂದಿನ ಚಳವಳಿಗಳು ಮಾತನಾಡುತ್ತಿವೆ.

ಈಗ ಲಿಪಿಯ ಮಾತಿಗೆ ಬರುತ್ತೇನೆ. ನನ್ನನ್ನು ಬಹಳವಾಗಿ ಕಾಡುವುದ್ದು ಇದೇ. ೧೯೯೮-೯೯ರ ಈ ಘಟನೆಗಳ ಬಗ್ಗೆ ಇಂದು ಅಂತರಜಾಲದಲ್ಲಿ ಹುಡುಕಿದರೆ ಇಂಗ್ಲಿಷಿನಲ್ಲಿ, ಜರ್ಮನ್ ಭಾಷೆಯಲ್ಲಿ, ಸ್ಪ್ಯಾನಿಷ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಕನ್ನಡದಲ್ಲಿ ಸಿಗುವುದು ಅತ್ಯಲ್ಪ. ಕಾರಣ ಸರಳವಾದದ್ದು. ಆ ದಿನಗಳಲ್ಲಿ ಕನ್ನಡದ ಅಕ್ಷರ ತಂತಿಯ ಮೇಲೆ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಜಾಗವಿತ್ತು, ಆದರೆ ಸಾಮಾನ್ಯರ ಗಣಕಗಳಿಗೆ ಅದು ಇಳಿದದ್ದು ೨೦೦೧ರ ವಿಂಡೋಸ್ ಎಕ್ಸ್‌ಪಿಯ ನಂತರ. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು ನಿಜ, ಅದೊಂದು ಪುಣ್ಯದ ಕೆಲಸ. ಆದರೆ ಕಳಿಸುವವನ ಬಳಿ ಇದ್ದ ಅಕ್ಷರಮಾದರಿ ಓದುವವನ ಬಳಿಯೂ ಇರಬೇಕಾಗಿತ್ತು. ಇಲ್ಲವಾದರೆ ಪರದೆಯ ಮೇಲೆ ಬರುತ್ತಿದ್ದದ್ದು ಕಾಗೆಯ ಕಾಲು, ಗುಬ್ಬಿಯ ಕಾಲು. ಹೀಗಾಗಿ ಹಳ್ಳಿಯ ಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತು ಬೆಂಗಳೂರಿನಲ್ಲಿ ಇಂಗ್ಲಿಷಾಗಿ ಹೊರಟಿತು. ಹಾಗೆ ಹೊರಟದ್ದು ಉಳಿಯಿತು. ಕನ್ನಡದ ಕರಪತ್ರ, ಕೈಬರಹದ ನಡಾವಳಿ, ಜಿಲ್ಲಾ ಪತ್ರಿಕೆಗಳ ವರದಿ, ಇವೆಲ್ಲ ಗೆದ್ದಲಿಗೆ ಹೋದವು ಅಥವಾ ಗ್ರಂಥಾಲಯಗಳ ಕಟ್ಟುಗಳಲ್ಲಿ ಧೂಳು ಹಿಡಿದಿವೆ. ಚಿಯಾಪಾಸ್‌ನ ತ್ಸೊತ್ಸಿಲ್ ಮಾತಿನ ರೈತನಿಗೆ ಆದದ್ದೇ ನಮ್ಮ ರೈತನಿಗೂ ಆಯಿತು. ಲೋಕ ಅವನ ಕೂಗನ್ನು ಕೇಳಿತು, ಅವನ ನುಡಿಯನ್ನಲ್ಲ.

ನಾನು ಪಾಠ ಹೇಳುತ್ತಿದ್ದ ಊರಿನ ಪಕ್ಕದ ಹಳ್ಳಿ ಭದ್ರಾ ಅಚ್ಚುಕಟ್ಟಿನದು. ಅಲ್ಲಿಂದ ಒಬ್ಬರು ಆ ಯುರೋಪ್ ಯಾತ್ರೆಗೆ ಹೋಗಿ ಬಂದಿದ್ದರು. ಅವರ ಮಗ ನನ್ನ ವಿದ್ಯಾರ್ಥಿ. ಕೆಲವು ವರ್ಷಗಳ ಹಿಂದೆ ಅವರನ್ನು ಕಂಡಾಗ ಇವನ್ನೆಲ್ಲ ಕೇಳಿದೆ. ಜಾಲದ ವಿಷಯ ಅವರಿಗೆ ಏನೂ ಗೊತ್ತಿರಲಿಲ್ಲ. “ಅದೆಲ್ಲ ಆ ಹುಡುಗ್ರು ನೋಡ್ಕಂತಿದ್ರು ಮೇಷ್ಟ್ರೇ” ಎಂದರು. ಅವರಿಗೆ ನೆನಪಿದ್ದದ್ದು ಒಬ್ಬ ಜರ್ಮನ್ ರೈತನ ಕೊಟ್ಟಿಗೆ. ನೂರು ಹಸುಗಳಿದ್ದರೂ ಸಾಲ ತೀರದೆ ಆತ ಜಮೀನು ಮಾರಲು ಹೊರಟಿದ್ದನಂತೆ. ಮಾತು ತಿಳಿಯದಿದ್ದರೂ ಇಬ್ಬರೂ ಬೆರಳು ಮಡಿಚಿ ಹಾಲಿನ ದರ, ಹಿಂಡಿಯ ದರ ಲೆಕ್ಕ ಹಾಕಿದರಂತೆ. “ನಮ್ಮಂಗೇ ಅವನೂ” ಎಂದು ಎರಡು ಸಲ ಹೇಳಿದರು. ಈ ಕೊಟ್ಟಿಗೆಯ ಸಂಗತಿ ಯಾವ ಭಾಷೆಯ ಯಾವ ತಾಣದಲ್ಲಿಯೂ ನನಗೆ ಕಂಡಿಲ್ಲ.

ಇಷ್ಟೆಲ್ಲ ಆಗಿ ಗೆದ್ದವರಾರು ಎಂದು ಕೇಳಿದರೆ ಉತ್ತರ ಕಹಿಯಾದದ್ದು. ೨೦೦೨ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಬಿ.ಟಿ. ಹತ್ತಿಗೆ ಅನುಮತಿ ನೀಡಿತು. ಅದನ್ನು ಬೆಳೆಯಲು ರೈತರೇ ಮುಗಿಬಿದ್ದರು. ಮಹಾರಾಷ್ಟ್ರದ ಶರದ್ ಜೋಶಿಯವರಂಥ ರೈತನಾಯಕರು ಮೊದಲಿನಿಂದಲೂ ಅದರ ಪರವಾಗಿದ್ದರು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಪಾಲು ಅದೇ ಆಯಿತು, ರಾಯಚೂರಿನದೂ ಸೇರಿ. ಮುಂದೆ ಗುಲಾಬಿ ಕಾಯಿಕೊರಕ ಅದನ್ನೂ ಮೀರಿ ನಿಂತದ್ದು ಬೇರೆ ಕಥೆ. ನಂಜುಂಡಸ್ವಾಮಿಯವರು ೨೦೦೪ರ ಫೆಬ್ರವರಿ ೩ರಂದು ತೀರಿಕೊಂಡರು. ಅವರು ಬದುಕಿರುವಾಗಲೇ ಒಡೆಯತೊಡಗಿದ್ದ ಸಂಘ ನಂತರ ಇನ್ನಷ್ಟು ಚೂರುಗಳಾಯಿತು. ಆದರೂ ಬೀಜ ಯಾರದೆಂಬ ಪ್ರಶ್ನೆ ಉಳಿದುಕೊಂಡಿತು. ೨೦೧೦ರ ಫೆಬ್ರವರಿಯಲ್ಲಿ ಬಿ.ಟಿ. ಬದನೆಯನ್ನು ತಡೆಹಿಡಿಯುವ ಮುನ್ನ ಕೇಂದ್ರ ಸಚಿವರು ನಡೆಸಿದ ಸಾರ್ವಜನಿಕ ಸಭೆಗಳಲ್ಲಿ ಒಂದು ಬೆಂಗಳೂರಿನಲ್ಲಿ ನಡೆಯಿತು, ಅಲ್ಲಿಯೂ ಹಸಿರು ಶಾಲುಗಳು ಕಂಡವು.

ಆ ಯಾತ್ರೆಗೆ ಹೋದವರಲ್ಲಿ ಹಲವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಹಳೆಯ ಪಾಸ್‌ಪೋರ್ಟು, ಎರಡು ಮೂರು ಮಾಸಿದ ಫೋಟೊ, ಯಾರೋ ಕೊಟ್ಟ ಬಿಲ್ಲೆ ಇಂಥವು ಟ್ರಂಕುಗಳಲ್ಲಿ ಇರಬಹುದು. ನಾನು ಮೇಲೆ ಹೇಳಿದ ಹಿರಿಯರ ಮಾತುಗಳನ್ನು ಅವರ ಆಡುನುಡಿಯಲ್ಲಿಯೇ ಬರೆದುಕೊಳ್ಳಲು ಆರಂಭಿಸಿದ್ದೇನೆ. ಇದುವರೆಗೆ ಹನ್ನೊಂದು ಪುಟಗಳಾಗಿವೆ, ಯಾತ್ರೆ ಇನ್ನೂ ಫ್ರಾನ್ಸಿನ ಗಡಿಯನ್ನು ದಾಟಿಲ್ಲ.